ಬಿಟ್ಟಿ ಸಿಸ್ಟಮ್ಮಿನ ಬಿಲ್ಲು

ನಮ್ಮ ಮನೆಯ ಲ್ಯಾಪ್‌ಟಾಪ್ 2014ರದು. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಮಗಳ ಡಿಗ್ರಿಗೆಂದು ಕೊಂಡದ್ದು. ಅವಳಿಗೆ ಕೆಲಸ ಸಿಕ್ಕಿ, ಕಂಪನಿಯವರೇ ಬೇರೆ ಯಂತ್ರ ಕೊಟ್ಟ ಮೇಲೆ ಇದು ನನ್ನ ಪಾಲಿಗೆ ಬಂತು. ಕೊಂಡಾಗ ಅದರಲ್ಲಿದ್ದದ್ದು ವಿಂಡೋಸ್ 8.1. 2015ರ ಜುಲೈ 29ರಂದು ವಿಂಡೋಸ್ 10 ಬಂದು, ಹಳೆಯ ಗಿರಾಕಿಗಳಿಗೆ ಒಂದು ವರ್ಷ ಪುಕ್ಕಟೆ ಎಂದಾಗ ನಮ್ಮದೂ ಹತ್ತಕ್ಕೆ ಏರಿತು. ಅಲ್ಲಿಂದ ಸುಮಾರು ಹತ್ತು ವರ್ಷ. 2025ರ ಅಕ್ಟೋಬರ್ 14ಕ್ಕೆ ಆ ಹತ್ತಕ್ಕೆ ಬರುತ್ತಿದ್ದ ಪುಕ್ಕಟೆ ಭದ್ರತಾ ಅಪ್‌ಡೇಟ್ ನಿಂತಿತು.

ಹನ್ನೊಂದನ್ನು ಹಾಕೋಣವೆಂದರೆ ಅದು ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಇಂಟೆಲ್ ಪ್ರೊಸೆಸರ್ ಕೇಳುತ್ತದೆ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ಕೇಳುತ್ತದೆ. ನಮ್ಮದು ನಾಲ್ಕು ತಲೆಮಾರು ಹಿಂದಿನದು. ಶ್ರಾದ್ಧದಲ್ಲೂ ಪಿಂಡ ಸಿಗುವುದು ಮೂರು ತಲೆಮಾರಿಗೆ ಮಾತ್ರ.

ಎದುರಿಗಿದ್ದ ದಾರಿಗಳಿಗೆ ಒಂದೊಂದು ದರ ಇತ್ತು. ಮೈಕ್ರೋಸಾಫ್ಟ್‌ಗೆ 30 ಡಾಲರ್ ಕಟ್ಟಿದರೆ 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಮುಂದುವರಿಯುತ್ತಿತ್ತು. ಡಾಲರ್‌ಗೆ 88 ರೂಪಾಯಿ ಹಿಡಿದರೆ 2,640 ರೂಪಾಯಿ. ಅವರ ಖಾತೆ ತೆರೆದು, ಯಂತ್ರದ ಸೆಟ್ಟಿಂಗ್‌ಗಳನ್ನು ಅವರ ಸರ್ವರ್‌ಗೆ ಕಳಿಸಲು ಒಪ್ಪಿದರೆ ಅದೂ ಬೇಡ ಎಂದಿದ್ದರು. ಹೇಗೂ ಒಂದೇ ವರ್ಷದ ವಾಯಿದೆ. ಹೊಸ ಲ್ಯಾಪ್‌ಟಾಪ್ ವಿಚಾರಿಸಿದೆ, ನನ್ನ ಕೆಲಸಕ್ಕೆ ಸಾಕಾಗುವಂಥದ್ದಕ್ಕೆ 36,000 ರೂಪಾಯಿ ಹೇಳಿದರು. ಗುಜರಿಯವನು ಹಳೆಯದಕ್ಕೆ 400 ಕೊಡುತ್ತೇನೆಂದ.

ಪೇಟೆಯ ಕಂಪ್ಯೂಟರ್ ಅಂಗಡಿಯ ಹುಡುಗನದು ಎಲ್ಲಕ್ಕಿಂತ ಸಲೀಸಾದ ದಾರಿ. "ಸಾರ್, ಯಾಕೆ ತಲೆ ಕೆಡಿಸ್ಕೋತೀರಾ? 500 ಕೊಡಿ, ಚೆಕಿಂಗ್ ಬೈಪಾಸ್ ಮಾಡಿ ಹನ್ನೊಂದನ್ನೇ ಹೊಡೆದುಕೊಡ್ತೀನಿ. ಆಫೀಸು, ಫೋಟೋಶಾಪು ಎಲ್ಲಾ ಸೇರಿಸಿ."

ಇನ್ನೊಂದು ದಾರಿ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್. ಮುಕ್ತ ತಂತ್ರಾಂಶದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಈ 500 ರೂಪಾಯಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ವಿಂಡೋಸ್ 11 ಹೋಮ್‌ನ ಪಟ್ಟಿಬೆಲೆ 139 ಡಾಲರ್, ಅಂದರೆ 12,000 ರೂಪಾಯಿಯ ಮೇಲೆ. ಲಿನಕ್ಸ್ ಸೊನ್ನೆ. ಹಾಗಾಗಿ ಯಂತ್ರಕ್ಕೆ 12,000 ಉಳಿಯಿತು ಎಂದು ಬರೆದು ಮುಗಿಸುತ್ತಾರೆ. ಆದರೆ ಈ 12,000ವನ್ನು ನಮ್ಮೂರಲ್ಲಿ ಕೌಂಟರ್‌ನಲ್ಲಿ ಎಣಿಸಿಕೊಟ್ಟವರನ್ನು ನಾನು ನೋಡಿಲ್ಲ. ಲ್ಯಾಪ್‌ಟಾಪ್ ಕೊಂಡವರ ವಿಂಡೋಸ್ ಆ ಯಂತ್ರದ ಬೆಲೆಯೊಳಗೇ ಬಂದಿರುತ್ತದೆ, ಅದನ್ನು ಬಿಟ್ಟರೆ ದುಡ್ಡು ವಾಪಸ್ ಬರುವುದಿಲ್ಲ. ಬಿಡಿಭಾಗ ತಂದು ಜೋಡಿಸಿದವರು ಅಂಗಡಿಯ ಹುಡುಗನಿಗೆ 500 ಕೊಟ್ಟಿರುತ್ತಾರೆ. ತಂತ್ರಾಂಶ ಕಂಪನಿಗಳ ಒಕ್ಕೂಟವಾದ ಬಿಎಸ್‌ಎ 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, 2017ರಲ್ಲಿ ಭಾರತದ ಕಂಪ್ಯೂಟರ್‌ಗಳಲ್ಲಿದ್ದ ತಂತ್ರಾಂಶದಲ್ಲಿ ಶೇ 56 ಲೈಸನ್ಸ್ ಇಲ್ಲದ್ದು. ಅದರ ಬೆಲೆ ಸುಮಾರು 247 ಕೋಟಿ ಡಾಲರ್ ಎಂದು ಅವರ ಅಂದಾಜು. ಒಕ್ಕೂಟಕ್ಕೆ ತನ್ನ ಹಿತ ಇದ್ದೇ ಇದೆ, ಅಂಕಿಯನ್ನು ಸ್ವಲ್ಪ ತಗ್ಗಿಸಿಯೇ ಓದಬೇಕು. ತಗ್ಗಿಸಿದರೂ ಚಿತ್ರ ಬದಲಾಗುವುದಿಲ್ಲ. ಇಲ್ಲಿ ಲಿನಕ್ಸ್ ಸ್ಪರ್ಧಿಸಬೇಕಾದದ್ದು 12,000ದ ಜೊತೆಯಲ್ಲ, 500ರ ಜೊತೆ.

ಆದ್ದರಿಂದ ನನ್ನ ಲೆಕ್ಕದ ಪುಸ್ತಕದಲ್ಲಿ 'ಲೈಸನ್ಸ್ ಉಳಿತಾಯ' ಎಂಬ ಬಾಬ್ತಿನ ಮುಂದೆ ಸೊನ್ನೆ ಬರೆದೆ. ಉಳಿತಾಯ ಇದ್ದರೆ ಅದು ಯಂತ್ರದ ಆಯಸ್ಸಿನಲ್ಲಿ ಇರಬೇಕು. ಅದನ್ನು ತಿಂಗಳ ಲೆಕ್ಕದಲ್ಲಿ ಅಳೆಯೋಣವೆಂದು ಕೂತೆ.

ಆರಿಸಿಕೊಂಡದ್ದು ಲಿನಕ್ಸ್ ಮಿಂಟ್ 22, ಅದರಲ್ಲಿ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಇದು ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ ಕಟ್ಟಿದ್ದು, 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಉಂಟು. ಕನಿಷ್ಠ ಬೇಕಾದದ್ದು 2 ಜಿಬಿ ರ‍್ಯಾಮ್, 20 ಜಿಬಿ ಜಾಗ. ಉಬುಂಟು 24.04 ಕೇಳುವುದು 4 ಜಿಬಿ ಮತ್ತು 25 ಜಿಬಿ. ವಿಂಡೋಸ್ 11 ಕೇಳುವುದು 4 ಮತ್ತು 64. ಡೌನ್‌ಲೋಡ್ ಲೆಕ್ಕವೂ ಇದೆ. ನಮ್ಮಲ್ಲಿ ಫೈಬರ್ ಬಂದಿಲ್ಲ, ಫೋನಿನ ದಿನಕ್ಕೆ 1.5 ಜಿಬಿ ಪ್ಯಾಕೇ ಗತಿ. ಮಿಂಟ್‌ನ ಕಡತ 3 ಜಿಬಿಗೆ ಸ್ವಲ್ಪ ಕಡಿಮೆ, ಎರಡು ರಾತ್ರಿಯಲ್ಲಿ ಇಳಿಯಿತು. ಉಬುಂಟು 6 ಜಿಬಿ ಹತ್ತಿರ, ನಾಲ್ಕು ರಾತ್ರಿ ಬೇಕಾಗುತ್ತಿತ್ತು. ಇಳಿದ ಕಡತ ಸಾಚಾ ಹೌದೋ ಅಲ್ಲವೋ ಎಂದು ನೋಡಲು 64 ಅಕ್ಷರಗಳ ಒಂದು ಮೊತ್ತವನ್ನು ತಾಳೆ ಹಾಕಬೇಕು. ಪರದೆಯ ಮೇಲೆ ಬಂದದ್ದನ್ನು ನಾನು ಓದುತ್ತಾ ಹೋದೆ, ಮನೆಯಾಕೆ ಬರೆದುಕೊಂಡದ್ದರ ಮೇಲೆ ಬೆರಳಿಡುತ್ತಾ ಬಂದಳು. ಕಂಪ್ಯೂಟರೇ ಇದನ್ನು ಕ್ಷಣದಲ್ಲಿ ತಾಳೆ ನೋಡಿಬಿಡುತ್ತದೆ ಎಂದು ತಿಳಿದದ್ದು ಆಮೇಲೆ.

ಖರ್ಚು ಹೀಗಾಯಿತು. 240 ಜಿಬಿಯ ಎಸ್‌ಎಸ್‌ಡಿ 1,650 ರೂಪಾಯಿ. ಇನ್ನೊಂದು 4 ಜಿಬಿ ರ‍್ಯಾಮ್, ಸೆಕೆಂಡ್‌ಹ್ಯಾಂಡ್, 700. ಸತ್ತುಹೋಗಿದ್ದ ಬ್ಯಾಟರಿಯ ಬದಲು ಇನ್ನೊಂದಕ್ಕೆ 1,900. ಮಲೆನಾಡಿನ ಮಳೆಗಾಲದಲ್ಲಿ ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್ ಇಟ್ಟುಕೊಳ್ಳುವುದೆಂದರೆ ಅರ್ಧ ಬರೆದದ್ದನ್ನು ದಿನಕ್ಕೆ ನಾಲ್ಕು ಸಲ ಕಳೆದುಕೊಳ್ಳುವುದು. 16 ಜಿಬಿ ಪೆನ್‌ಡ್ರೈವ್ 350. ಗಡಿಯಾರ ಹಿಂದೆ ಬೀಳದಂತೆ ಮದರ್‌ಬೋರ್ಡಿಗೆ ಹಾಕುವ ನಾಣ್ಯದಂಥ ಸೆಲ್ಲು 30. ಒಟ್ಟು 4,630 ರೂಪಾಯಿ. ಇದರಲ್ಲಿ ಸಿಸ್ಟಮ್ಮಿನ ಬೆಲೆ ಎಂಬುದು ಒಂದು ಪೈಸೆಯೂ ಇಲ್ಲ.

ಮೊದಲು ಸ್ವಿಚ್ ಒತ್ತಿ ಕೆಲಸಕ್ಕೆ ಕೂರಲು 3 ನಿಮಿಷ ಮೀರಿ ಕಾಯಬೇಕಿತ್ತು. ಈಗ 24 ಸೆಕೆಂಡ್. ಇದನ್ನು ಕಂಡ ಯಾರಾದರೂ ಲಿನಕ್ಸ್‌ಗೆ ಜೈ ಎನ್ನುತ್ತಾರೆ, ನಾನೂ ಅಂದೆ. ಆಮೇಲೆ ಅನುಮಾನ ಬಂದು, ಅದೇ ಎಸ್‌ಎಸ್‌ಡಿಗೆ ವಿಂಡೋಸ್ 10 ಹಾಕಿ ನೋಡಿದರೆ 31 ಸೆಕೆಂಡ್. ಅಂದರೆ ವೇಗದ ದೊಡ್ಡ ಪಾಲು ಬಂದದ್ದು 1,650 ರೂಪಾಯಿಯ ಎಸ್‌ಎಸ್‌ಡಿಯಿಂದ. ಲಿನಕ್ಸ್‌ನದೇ ಆದ ಗಳಿಕೆ ಮೆಮೊರಿಯಲ್ಲಿ ಕಂಡಿತು. ಏನೂ ತೆರೆಯದೆ ಸುಮ್ಮನಿದ್ದಾಗ ವಿಂಡೋಸ್ 2 ಜಿಬಿಗಿಂತ ಹೆಚ್ಚು ನುಂಗುತ್ತಿತ್ತು, ಮಿಂಟ್ 800 ಎಂಬಿ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಳೆಯ ಯಂತ್ರ ವೇಗವಾಯಿತೆಂದು ಲಿನಕ್ಸ್ ಹೊಗಳುವವರನ್ನು ಡಿಸ್ಕ್ ಕೂಡ ಬದಲಿಸಿದಿರಾ ಎಂದು ಒಮ್ಮೆ ಕೇಳಿನೋಡಿ.

ಇನ್ನು ಗಂಟೆಗಳ ಲೆಕ್ಕ. ಹಳೆಯ ಕಡತಗಳನ್ನು ಹೊರಗಿನ ಡಿಸ್ಕಿಗೆ ಇಳಿಸಲು 3 ಗಂಟೆ. ಸಿಸ್ಟಮ್ ಹಾಕಿ ಅಪ್‌ಡೇಟ್ ಮಾಡಲು ಒಂದೂವರೆ. ಕನ್ನಡ ಟೈಪಿಂಗ್ ಸರಿಮಾಡಿಕೊಳ್ಳಲು 1. ಇದು ನನಗೇ ಆಶ್ಚರ್ಯ. 'ನುಡಿ' ತಂತ್ರಾಂಶದಲ್ಲಿ ಬಳಸುವ ಕೆಜಿಪಿ ಕೀಲಿಮಣೆ ವಿನ್ಯಾಸ ಲಿನಕ್ಸ್‌ನ ಐಬಸ್ ಎಂಬ ಸಲಕರಣೆಯ ಜೊತೆಗೆ ಸೇರಿಕೊಳ್ಳುತ್ತದೆ. ಲೋಹಿತ್, ನವಿಲು, ಗುಬ್ಬಿ ಫಾಂಟುಗಳು ಒಂದೊಂದು ಕ್ಲಿಕ್ಕಿಗೆ ಇಳಿಯುತ್ತವೆ. ಬೆರಳಿಗೆ ಹೊಸದಾಗಿ ಏನನ್ನೂ ಕಲಿಸಬೇಕಾಗಲಿಲ್ಲ.

ಬೆರಳಿಗೆ ಬೇಡವಾದದ್ದು ಕಣ್ಣಿಗೆ ಬಿತ್ತು. 2000ದ ದಶಕದಲ್ಲಿ, ಯೂನಿಕೋಡ್ ರೂಢಿಗೆ ಬರುವ ಮೊದಲು ಟೈಪ್ ಮಾಡಿಟ್ಟಿದ್ದ 212 ಕಡತಗಳನ್ನು ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ನಡುನಡುವೆ ಬಾಲ ಇರುವ ಎ, ಟೊಪ್ಪಿಗೆ ಹಾಕಿದ ಇ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಮುಖವಾಡ ಕಳಚುತ್ತದೆ. ಇದಕ್ಕೆ ಪರಿವರ್ತಕಗಳನ್ನು ಕನ್ನಡದವರೇ ಬರೆದು ಪುಕ್ಕಟೆ ಹಂಚಿದ್ದಾರೆ. ಪರಿವರ್ತನೆಯೇನೋ ಹತ್ತು ನಿಮಿಷದ ಕೆಲಸ. ಆದರೆ ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಬರುತ್ತಿತ್ತು, ಯೂನಿಕೋಡ್‌ನಲ್ಲಿ ಅದು ಅಕ್ಷರಕ್ಕೆ ಮೊದಲೇ ಬರಬೇಕು. ಈ ಅದಲುಬದಲಿನಲ್ಲಿ ಅಲ್ಲಲ್ಲಿ ಎಡವಟ್ಟಾಗಿ, ಕಡತಗಳನ್ನು ಮತ್ತೆ ಓದಿ ತಿದ್ದಲು ಮೂರೂವರೆ ಗಂಟೆ. ಇದು ಲಿನಕ್ಸ್‌ನ ಖರ್ಚಲ್ಲ, ಹಳೆಯ ಸಾಲ. ಯಾವತ್ತಾದರೂ ತೀರಿಸಲೇಬೇಕಿತ್ತು, ಈ ನೆಪದಲ್ಲಿ ತೀರಿತು.

ಉಳಿದ 8 ಗಂಟೆ ಪ್ರಿಂಟರ್ ತಿಂದಿತು. ಜೆರಾಕ್ಸ್ ಅಂಗಡಿ, ವಕೀಲರ ಕಚೇರಿ, ಸೊಸೈಟಿ ಎಲ್ಲೆಲ್ಲೂ ಕಾಣುವಂಥ ಗಟ್ಟಿಮುಟ್ಟಾದ ಪುಟ್ಟ ಲೇಸರ್ ಪ್ರಿಂಟರ್ ಅದು. ಅದನ್ನು ಮಾಡಿದವರು ತಮ್ಮದೇ ಗುಟ್ಟಿನ ಭಾಷೆಯಲ್ಲಿ ಕಂಪ್ಯೂಟರ್ ಜೊತೆ ಮಾತಾಡಿಸುತ್ತಾರೆ. ಅವರೇ ಲಿನಕ್ಸ್‌ಗೆಂದು ಕೊಟ್ಟ ಡ್ರೈವರ್ ಹಳತಾಗಿ, ಹೊಸ ಸಿಸ್ಟಮ್ಮಿಗೆ ಹೊಂದುವುದಿಲ್ಲ. ಇನ್ಯಾರೋ ಪುಣ್ಯಾತ್ಮರು ಬರೆದ ಬದಲಿ ಡ್ರೈವರ್ ಹಾಕಿದೆ. ಈಗ ಒಂದು ಪ್ರಿಂಟ್ ಕೊಟ್ಟು ಪ್ರಿಂಟರ್ ಮಲಗುತ್ತದೆ. ಸ್ವಿಚ್ ಆರಿಸಿ ಹತ್ತು ಎಣಿಸಿ ಹಾಕಿದರೆ ಇನ್ನೊಂದು ಕೊಡುತ್ತದೆ. ನಾಲ್ಕು ಪುಟದ ಲೇಖನವನ್ನು ಒಂದೇ ಸಲ ಕಳಿಸಿದರೆ ನಾಲ್ಕೂ ಬರುತ್ತವೆ, ಒಂದೊಂದಾಗಿ ಕಳಿಸಿದರೆ ನಾಲ್ಕು ಸಲ ಎದ್ದು ಸ್ವಿಚ್ಚಿನವರೆಗೆ ನಡೆಯಬೇಕು. ಡಾಕ್ಟರು ಹೇಗೂ ನಡೆಯಿರಿ ಎಂದಿದ್ದಾರೆ. ಇದನ್ನು ಮೊದಲೇ ತಿಳಿದುಕೊಳ್ಳಬಹುದಿತ್ತು: ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಚಾಲೂ ಮಾಡಿ, ಡಿಸ್ಕ್ ಮುಟ್ಟದೆ, ಪ್ರಿಂಟರ್, ವೈಫೈ, ಕ್ಯಾಮೆರಾ ಎಲ್ಲವನ್ನೂ ಪರೀಕ್ಷಿಸಿ ನೋಡುವ ಅನುಕೂಲ ಇದೆ. ನಾನು ವೈಫೈ ನೋಡಿದೆ, ಪ್ರಿಂಟರ್ ಮರೆತೆ.

ಒಟ್ಟು 17 ಗಂಟೆ. ನನ್ನ ಗಂಟೆಗೆ 200 ರೂಪಾಯಿ ಕಟ್ಟಿದೆ. ಸಂಪಾದಕರು ಇದನ್ನು ಓದಿ ನಗಬಹುದು. 3,400 ರೂಪಾಯಿ ಆಯಿತು. ಮೊದಲಿನ 4,630 ಸೇರಿಸಿದರೆ 8,030. 2025ರ ಅಕ್ಟೋಬರ್‌ನಿಂದ 2029ರ ಏಪ್ರಿಲ್‌ವರೆಗೆ 42 ತಿಂಗಳು. ತಿಂಗಳಿಗೆ 191 ರೂಪಾಯಿ. 36,000ದ ಹೊಸ ಲ್ಯಾಪ್‌ಟಾಪ್ ಆರು ವರ್ಷ ಬಾಳಿಕೆ ಬಂತೆಂದರೆ 72 ತಿಂಗಳಿಗೆ ತಲಾ 500. ಹಳೆಯದು ನಡುವೆ ಮದರ್‌ಬೋರ್ಡ್ ಸುಟ್ಟುಕೊಂಡರೆ ನನ್ನ ಲೆಕ್ಕ ತಲೆಕೆಳಗು, ಆದರೆ 16 ತಿಂಗಳು ದೂಡಿದರೂ ನಷ್ಟವಿಲ್ಲ. 8,030ನ್ನು 500ರಿಂದ ಭಾಗಿಸಿ ನೋಡಿ.

ಇಂಗ್ಲಿಷಿನಲ್ಲಿ 'ಫ್ರೀ' ಎಂದರೆ ಸ್ವತಂತ್ರ ಎಂದೂ ಹೌದು, ಪುಕ್ಕಟೆ ಎಂದೂ ಹೌದು. ರಿಚರ್ಡ್ ಸ್ಟಾಲ್ಮನ್ 1983ರ ಸೆಪ್ಟೆಂಬರ್ 27ರಂದು ಮುಕ್ತ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಗ್ನೂ ಯೋಜನೆ ಘೋಷಿಸಿದ ಮೇಲೆ ಈ ಗೊಂದಲವನ್ನು ಬಿಡಿಸಿ ಹೇಳುವುದರಲ್ಲೇ ಅವರ ಎಷ್ಟೋ ಭಾಷಣಗಳು ಖರ್ಚಾಗಿವೆ. ಕನ್ನಡಕ್ಕೆ ಆ ತಾಪತ್ರಯವಿಲ್ಲ. ಮುಕ್ತ ಬೇರೆ, ಪುಕ್ಕಟೆ ಬೇರೆ. ಆದರೆ ನಮ್ಮಲ್ಲಿ ಇನ್ನೊಂದು ಪದ ಇದೆ, ಬಿಟ್ಟಿ. ದುಡ್ಡು ಕೊಡದೆ ಸಿಕ್ಕಿದ್ದೂ ಬಿಟ್ಟಿ, ದುಡ್ಡು ಸಿಗದೆ ದುಡಿದದ್ದೂ ಬಿಟ್ಟಿ. ಹಾಗಾದರೆ ಈ ಸಿಸ್ಟಮ್ಮಿನಲ್ಲಿ ಬಿಟ್ಟಿ ದುಡಿದವರು ಯಾರು?

ಫಿನ್ಲೆಂಡ್‌ನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಹೊರಬಿಟ್ಟ ಮೊದಲ ಲಿನಕ್ಸ್ ಕರ್ನಲ್, ಅಂದರೆ ಸಿಸ್ಟಮ್ಮಿನ ತಿರುಳು, ಸುಮಾರು 10,000 ಸಾಲಿನದು, ಒಬ್ಬನ ಕೈಬರಹ. 1994ರ ಮಾರ್ಚ್ 14ರ 1.0 ಆವೃತ್ತಿಯಲ್ಲಿ 1,76,250 ಸಾಲು. 2025ರ ಹೊತ್ತಿಗೆ 4 ಕೋಟಿ. ಇದನ್ನೆಲ್ಲ ಬರೆದವರು ರಾತ್ರಿ ನಿದ್ದೆಗೆಟ್ಟ ಹವ್ಯಾಸಿಗಳು ಎಂಬ ನಂಬಿಕೆ ಇನ್ನೂ ಇದೆ. ಲಿನಕ್ಸ್ ಫೌಂಡೇಶನ್ನಿನ 2017ರ ವರದಿಯಂತೆ 2005ರಿಂದ ಈಚೆಗೆ 1,400ಕ್ಕೂ ಹೆಚ್ಚು ಕಂಪನಿಗಳ 15,600ರಷ್ಟು ಮಂದಿ ಕರ್ನಲ್‌ಗೆ ಕೈಹಾಕಿದ್ದರು. ಆ ವರದಿ ಲೆಕ್ಕ ಹಾಕಿದ ಅವಧಿಯಲ್ಲಿ ಸಂಬಳವಿಲ್ಲದವರ ಕೆಲಸ ಶೇ 8.2 ಮಾತ್ರ. ಇಂಟೆಲ್, ರೆಡ್ ಹ್ಯಾಟ್, ಗೂಗಲ್ ತಮ್ಮ ಸರ್ವರ್‌ಗಳಿಗೆ, ಫೋನುಗಳಿಗೆ ಬೇಕೆಂದು ಸಂಬಳ ಕೊಟ್ಟು ಬರೆಸಿದ್ದು ನನ್ನ ಹಳೆಯ ಲ್ಯಾಪ್‌ಟಾಪ್‌ಗೂ ಹರಿದು ಬರುತ್ತದೆ. ತೋಟಕ್ಕೆ ಬಿಟ್ಟ ನೀರು ಪಕ್ಕದ ಬೇಲಿಯ ಗಿಡಕ್ಕೂ ಸಿಕ್ಕಂತೆ. ಹಾಗಾಗಿ ಕರ್ನಲ್ ಮಟ್ಟಿಗೆ ಬಿಟ್ಟಿ ದುಡಿದವರು ಕಡಿಮೆ. ಬಿಟ್ಟಿ ದುಡಿದದ್ದು ಪ್ರಿಂಟರ್ ಡ್ರೈವರ್ ಬರೆದ ಆ ಪುಣ್ಯಾತ್ಮರು, ಕನ್ನಡದ ಪರಿವರ್ತಕ ಬರೆದವರು, ಆಮೇಲೆ 17 ಗಂಟೆ ನಾನು.

ಇಡೀ ಸಿಸ್ಟಮ್ಮಿಗೆ ಬೆಲೆ ಕಟ್ಟಿದವರೂ ಇದ್ದಾರೆ. ಡೇವಿಡ್ ವೀಲರ್ ಎಂಬ ಅಮೆರಿಕದ ತಜ್ಞರು 2001ರಲ್ಲಿ ರೆಡ್ ಹ್ಯಾಟ್ ಲಿನಕ್ಸ್ 7.1ರ 3 ಕೋಟಿ ಮೀರಿದ ಸಾಲುಗಳನ್ನು ಎಣಿಸಿ, ಕಂಪನಿಯೊಂದು ಮೊದಲಿನಿಂದ ಬರೆಸಿದ್ದರೆ 8,000 ಮಾನವ-ವರ್ಷ, 100 ಕೋಟಿ ಡಾಲರ್‌ಗೂ ಹೆಚ್ಚು ಬೇಕಾಗುತ್ತಿತ್ತು ಎಂದರು. 2008ರಲ್ಲಿ ಲಿನಕ್ಸ್ ಫೌಂಡೇಶನ್ ಅದೇ ದಾರಿಯಲ್ಲಿ ಫೆಡೋರಾ 9 ಎಂಬ ಲಿನಕ್ಸ್ ಆವೃತ್ತಿಗೆ ಕಟ್ಟಿದ ಬೆಲೆ 1,080 ಕೋಟಿ ಡಾಲರ್, 20.4 ಕೋಟಿ ಸಾಲಿಗೆ. ಸಾಲಿಗೆ 53 ಡಾಲರ್ ಬಿತ್ತು. ಸಾಲೆಣಿಸಿ ಬೆಲೆ ಕಟ್ಟುವ ಈ ಪದ್ಧತಿಯ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಜಾಣ ಪ್ರೋಗ್ರಾಮರ್ ಹತ್ತು ಸಾಲು ಅಳಿಸಿ ಎರಡರಲ್ಲಿ ಮುಗಿಸಿದರೆ ಬೆಲೆ ಇಳಿದುಹೋಗುತ್ತದಲ್ಲ! ಆದರೂ ಗಾತ್ರದ ಅಂದಾಜಿಗೆ ಅಡ್ಡಿಯಿಲ್ಲ. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13 ಎಂಬ ಲಿನಕ್ಸ್ ಆವೃತ್ತಿಯಲ್ಲಿ 69,830 ಪ್ಯಾಕೇಜ್‌ಗಳು, 146 ಕೋಟಿ ಸಾಲು. ನಮ್ಮ ದೇಶದಲ್ಲಿ ತಲೆಗೊಂದು ಸಾಲು ಹಂಚಬಹುದು.

ಇನ್ನು ಸರಕಾರಗಳ ಲೆಕ್ಕ. ಪಕ್ಕದ ಕೇರಳದ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ಅಲ್ಲಿನ ಶಾಲೆಗಳಿಗೆ ತಂತ್ರಜ್ಞಾನ ಒದಗಿಸುವ ಕೈಟ್ ಸಂಸ್ಥೆ 2019ರಲ್ಲಿ ಉಬುಂಟು 18.04 ಆಧರಿಸಿದ ತನ್ನದೇ ಸಿಸ್ಟಮ್ಮನ್ನು 2 ಲಕ್ಷಕ್ಕೂ ಮೀರಿದ ಶಾಲಾ ಕಂಪ್ಯೂಟರ್‌ಗಳಿಗೆ ಹಾಕುವುದಾಗಿ ಹೇಳಿತು, ಉಳಿತಾಯ 3,000 ಕೋಟಿ ರೂಪಾಯಿ ಎಂದಿತು. ಅಂಕಿ ಎಲ್ಲ ಪತ್ರಿಕೆಗಳಲ್ಲಿ ಬಂತು. ಅದು ಹುಟ್ಟಿದ್ದು ಸರಳ ಗುಣಾಕಾರದಿಂದ: ಯಂತ್ರಕ್ಕೆ 1.5 ಲಕ್ಷದ ಲೈಸನ್ಸ್, 2 ಲಕ್ಷ ಯಂತ್ರ. ಆ 1.5 ಲಕ್ಷದಲ್ಲಿ ಸಿಸ್ಟಮ್ ಒಂದೇ ಅಲ್ಲ, ಚಿತ್ರ, ವಿಡಿಯೋ, ಆಫೀಸು ಮುಂತಾದ ಎಲ್ಲ ತಂತ್ರಾಂಶವೂ ಪಟ್ಟಿಬೆಲೆಗೆ ಸೇರಿದೆ. ಬರೀ ಆಪರೇಟಿಂಗ್ ಸಿಸ್ಟಮ್ ಹಿಡಿದರೆ, 139 ಡಾಲರ್‌ಗೆ ಆಗಿನ 70 ರೂಪಾಯಿ ದರದಲ್ಲಿ, ಸುಮಾರು 195 ಕೋಟಿ. ಶಾಲೆಗಳಿಗೆ ಕಂಪನಿಗಳು ಕೊಡುವ ರಿಯಾಯಿತಿ ಕಳೆದರೆ ಇನ್ನೂ ಕೆಳಗೆ. ಮೂರು ಸಾವಿರ ಕೋಟಿ ಎಂದದ್ದು ಸುಳ್ಳಲ್ಲ, ಆದರೆ ಯಾರೂ ಕಟ್ಟುತ್ತಿರದಿದ್ದ ಬಿಲ್ಲನ್ನು ಉಳಿಸಿದ ಲೆಕ್ಕ ಅದು. 195 ಕೋಟಿಯೂ ಒಂದು ರಾಜ್ಯಕ್ಕೆ ಸಣ್ಣ ಮೊತ್ತವೇನಲ್ಲ, ಅದನ್ನೇ ಹೇಳಿದ್ದರೆ ಸಾಕಿತ್ತು.

ಯುರೋಪಿನ ಎರಡು ಲೆಕ್ಕಗಳು ಎದುರುಬದುರು ನಿಲ್ಲುತ್ತವೆ. ಜರ್ಮನಿಯ ಮ್ಯೂನಿಕ್ ನಗರಸಭೆ 2003ರಲ್ಲಿ ತೀರ್ಮಾನಿಸಿ, ಹತ್ತು ವರ್ಷದಲ್ಲಿ 15,000ದಷ್ಟು ಕಂಪ್ಯೂಟರ್‌ಗಳನ್ನು ಲಿನಕ್ಸ್‌ಗೆ ತಂದಿತು, ಒಂದು ಕೋಟಿ ಯೂರೋ ಮೀರಿ ಉಳಿಯಿತೆಂದಿತು. 2017ರಲ್ಲಿ ಅದೇ ನಗರಸಭೆ ವಿಂಡೋಸ್‌ಗೆ ಮರಳಲು ನಿರ್ಧರಿಸಿತು. ಮರಳುವ ಖರ್ಚಿನ ಅಂದಾಜು ಸುಮಾರು 5 ಕೋಟಿ ಯೂರೋ. ಫ್ರಾನ್ಸಿನ ಜಾಂಡಾರ್ಮರಿ ಪೊಲೀಸ್ ದಳ ಮಾತ್ರ ಮರಳಿ ನೋಡಲಿಲ್ಲ. 2024ರ ಹೊತ್ತಿಗೆ ಅವರ ಒಂದು ಲಕ್ಷದಷ್ಟು ಕಂಪ್ಯೂಟರ್‌ಗಳು, ಶೇ 97, ಉಬುಂಟು ಆಧರಿಸಿದ ಸಿಸ್ಟಮ್ಮಿನಲ್ಲಿ ನಡೆಯುತ್ತಿದ್ದವು. ವ್ಯತ್ಯಾಸ ಎಲ್ಲಿ? ಮ್ಯೂನಿಕ್‌ನಲ್ಲಿ ರಾಜಕೀಯವೂ ಇತ್ತು, ಮೇಯರ್ ಬದಲಾದರು. ಆದರೆ ಫ್ರೆಂಚರು ಹಿಡಿದ ಕ್ರಮವೇ ಬೇರೆ. 2005ರಲ್ಲಿ ವಿಂಡೋಸ್ ಒಳಗೇ ಓಪನ್ ಆಫೀಸ್ ಹಾಕಿದರು, ಮರುವರ್ಷ ಫೈರ್‌ಫಾಕ್ಸ್ ಮತ್ತು ಥಂಡರ್‌ಬರ್ಡ್. ಜನ ಇವಕ್ಕೆಲ್ಲ ಒಗ್ಗಿದ ಮೇಲೆ, 2008ರಿಂದ, ಅಡಿಯಲ್ಲಿದ್ದ ಸಿಸ್ಟಮ್ ಬದಲಿಸಿದರು. ಆ ಹೊತ್ತಿಗೆ ಪೊಲೀಸರು ಕೂತು ಕೆಲಸ ಮಾಡುವ ಪರದೆಯಲ್ಲಿ ಹೊಸದೇನೂ ಉಳಿದಿರಲಿಲ್ಲ. ನಾನು ಮಾಡಿದ್ದು ಇದಕ್ಕೆ ಪೂರಾ ಉಲ್ಟಾ. ಮೊದಲು ಸಿಸ್ಟಮ್ ಕಿತ್ತೆಸೆದು ಆಮೇಲೆ ಕಡತ, ಪ್ರಿಂಟರ್ ಹುಡುಕುತ್ತಾ ಕೂತೆ. 17 ಗಂಟೆಯಲ್ಲಿ ಐದಾರಾದರೂ ಆ ದಡ್ಡತನದ ದಂಡ.

ತೂಕದ ಲೆಕ್ಕವೊಂದು ಉಳಿಯಿತು. ಕೆನಾಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ವಿಂಡೋಸ್ 10ರ ಅಂತ್ಯದಿಂದ 24 ಕೋಟಿ ಕಂಪ್ಯೂಟರ್‌ಗಳು ಕಸವಾಗಬಹುದು, 48 ಕೋಟಿ ಕಿಲೋ ತೂಗಬಹುದು ಎಂದಿತ್ತು. ತಲಾ 2 ಕಿಲೋ. ನಮ್ಮದನ್ನು ಅಡಿಕೆ ತೂಗುವ ತಕ್ಕಡಿಗೆ ಇಟ್ಟೆ: 2 ಕಿಲೋ 300 ಗ್ರಾಂ. ಹಳೆಯ ಹಾರ್ಡ್ ಡಿಸ್ಕ್ ಮತ್ತು ಸತ್ತ ಬ್ಯಾಟರಿ ಬೇರೆ ಇಟ್ಟರೆ 400 ಗ್ರಾಂ ಹತ್ತಿರ. ಗುಜರಿಗೆ ಹೋಗಬೇಕಾದದ್ದು ಅಷ್ಟು ಮಾತ್ರ. ಬ್ಯಾಟರಿಯನ್ನು ಗುಜರಿಯವನು ಬೇಡ ಎಂದ. ಅದು ಇನ್ನೂ ಜಗುಲಿಯ ಮೂಲೆಯಲ್ಲಿ ಇದೆ.

ಪೆನ್‌ಡ್ರೈವ್ ಕೆಲಸ ಮುಗಿದಿತ್ತು, ಅದನ್ನು ಕಂಪ್ಯೂಟರ್ ಅಂಗಡಿಯ ಹುಡುಗನಿಗೆ ಕೊಟ್ಟೆ. ತಿಂಗಳು ಬಿಟ್ಟು ಸಿಕ್ಕಾಗ ಸ್ವಲ್ಪ ಸಂಕೋಚದಿಂದ ಕೇಳಿದ: "ಸಾರ್, ಇದನ್ನ ಹಾಕಿಕೊಟ್ಟು 500 ತಗೊಂಡ್ರೆ ತಪ್ಪಾಗತ್ತಾ? ಪುಕ್ಕಟೆ ಸಿಕ್ಕಿದ್ದಲ್ವಾ."

ತಪ್ಪಿಲ್ಲ ಮಾರಾಯ ಎಂದೆ. ಹಂಚುವುದಕ್ಕೆ ದುಡ್ಡು ತೆಗೆದುಕೊಳ್ಳಬಹುದು ಎಂದು ಅದರ ಲೈಸನ್ಸಿನಲ್ಲೇ ಬರೆದಿದೆ. ಜಿಪಿಎಲ್ ಎಂಬ ಆ ಲೈಸನ್ಸು 1989ರಿಂದ ಇದನ್ನೇ ಹೇಳುತ್ತಾ ಬಂದಿದೆ. ಪಡೆದವರು ಇನ್ನೊಬ್ಬರಿಗೆ ಕೊಡುವುದನ್ನು ಮಾತ್ರ ತಡೆಯುವಂತಿಲ್ಲ.

ಅಷ್ಟರಲ್ಲಿ ಅವನು ಮೂರು ಯಂತ್ರಕ್ಕೆ ಹಾಕಿ ಆಗಿತ್ತಂತೆ, 1,500 ರೂಪಾಯಿ. ಎರಡು ಸುಸೂತ್ರ. ಮೂರನೆಯದು ಗೊಬ್ಬರದ ಅಂಗಡಿಯವರದು. ನಾಲ್ಕನೇ ದಿನಕ್ಕೆ ವಾಪಸ್ ತಂದರು, ಟ್ಯಾಲಿ ಎಲ್ಲಿ ಎಂದು ಕೇಳಿದರು. ಲೆಕ್ಕಪತ್ರದ ಆ ತಂತ್ರಾಂಶ ನಡೆಯುವುದು ವಿಂಡೋಸ್‌ನಲ್ಲಿ. ಮತ್ತೆ ಹಳೆಯದನ್ನೇ ಹೊಡೆದುಕೊಟ್ಟು ಕಳಿಸಿದನಂತೆ.

"ಅದಕ್ಕೆಷ್ಟು ತಗೊಂಡೆ?"

"ಅದಕ್ಕೂ 500, ಸಾರ್."